ಅಪ್ಪನಿಗೆ ಯಾವುದು: ಪಾರ್ಕಿನ ವಾಕಿಂಗೋ, ಸಂಜೆಯ ಭಜನೆಯೋ?

ನಿವೃತ್ತರಾದ ಅಪ್ಪ ಇಡೀ ದಿನ ಸುಮ್ನೆ ಟಿವಿ ಮುಂದೆ ಕೂತಿರುತ್ತಾರಾ? ಶಿವಮೊಗ್ಗದಲ್ಲಿ ಸುಲಭಕ್ಕೆ ಸಿಗುವ ದಾರಿ ಎರಡು.

ಗಾಂಧಿ ಪಾರ್ಕಿನಲ್ಲಿ ಬೆಳಗ್ಗೆ ನಾಲ್ಕು ಜನರ ಜೊತೆ ನಡೆಯುವುದು ಮೈಗೆ ಒಳ್ಳೆಯದು. 65 ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಅರ್ಧ ಗಂಟೆ, ಐದು ದಿನ. ಆದರೆ ನಮ್ಮ ಮಳೆ! ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಪಂಚೆಯ ಚುಂಗು ಹಿಡಿದು ಪಾಚಿಗಟ್ಟಿದ ದಾರಿಯಲ್ಲಿ ನಮ್ಮಪ್ಪ ಹೆಜ್ಜೆ ಇಡುವುದು ನೋಡಿದರೆ ನನಗೇ ಜೀವ ಬಾಯಿಗೆ ಬರುತ್ತದೆ.

ಭಜನೆಗೆ ಮಳೆಯ ಹಂಗಿಲ್ಲ. ಹಾಡು ನೆನಪಿಡಬೇಕು, ತಾಳ ಹಾಕಬೇಕು. ಒಂದು ದಿನ ತಪ್ಪಿಸಿದರೆ 'ಯಾಕೆ ರಾಯರೇ, ಹುಷಾರಿಲ್ವಾ?' ಅಂತ ಫೋನ್ ಬರುತ್ತದೆ. ನನಗೆ ಅದೇ ದೊಡ್ಡದು. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಮರೆವಿನ ಕಾಯಿಲೆಗೆ ಪಟ್ಟಿ ಮಾಡಿದ 14 ಅಪಾಯಗಳಲ್ಲಿ ಜನರ ಒಡನಾಟ ಇಲ್ಲದಿರುವುದೂ ಒಂದು. ಮಂಡಿ ನೋವಿದ್ದರೆ ಚಾಪೆ ಕಷ್ಟ, ಕುರ್ಚಿ ಕೇಳಿ.

ಸಕ್ಕರೆ ಕಾಯಿಲೆ ಇದ್ದರೆ ವಾಕಿಂಗ್ ಬಿಡುವಂತಿಲ್ಲ. ಮನೆಯಲ್ಲಿ ಒಬ್ಬರೇ ಇದ್ದರೆ ನನ್ನ ಓಟು ಭಜನೆಗೆ. ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಪಾರ್ಕು ಇದ್ದೇ ಇದೆ, ಅಲ್ವಾ?