ಬೂಟ್‌ಸ್ವಾಚ್ ಥೀಮ್‌ಗಳು: ನೋಡೋಕೆ ಚೆಂದ, ಕನ್ನಡಕ್ಕೆ ಸ್ವಲ್ಪ ತಿದ್ದಬೇಕು

ಬಟನ್, ಕಾರ್ಡು ಮುಂತಾದವನ್ನು ಸಿದ್ಧವಾಗಿ ಕೊಡುವ ಬೂಟ್‌ಸ್ಟ್ರ್ಯಾಪ್ ಹಾಕಿದ ವೆಬ್‌ಸೈಟುಗಳೆಲ್ಲ ಒಂದೇ ಥರ ಕಾಣುತ್ತವೆ ಅನ್ನೋದು ಹಳೇ ದೂರು. ಅದೇ ನೀಲಿ ಬಟನ್, ಅದೇ ಬೂದು ಕಾರ್ಡು. ಡಿಸೈನರ್ ಇಲ್ಲದ ಸಣ್ಣ ತಂಡ ಏನು ಮಾಡಬೇಕು? ಥಾಮಸ್ ಪಾರ್ಕ್ ಮಾಡಿರುವ ಬೂಟ್‌ಸ್ವಾಚ್ ಎಂಬ ಬೂಟ್‌ಸ್ಟ್ರ್ಯಾಪ್ ಥೀಮ್‌ಗಳ ಸಂಗ್ರಹ ನೋಡಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಇಪ್ಪತ್ತಕ್ಕೂ ಹೆಚ್ಚು ಥೀಮ್‌ಗಳಿವೆ, ಎಲ್ಲವೂ ಉಚಿತ, ಎಂಐಟಿ ಲೈಸೆನ್ಸ್ (ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು). ಪುಟದ ಅಂದ ನಿರ್ಧರಿಸುವ ಬೂಟ್‌ಸ್ಟ್ರ್ಯಾಪ್‌ನ ಸಿಎಸ್‌ಎಸ್ ಫೈಲ್ ತೆಗೆದು ಇದರದ್ದನ್ನು ಹಾಕಿದರೆ ಮುಗಿಯಿತು, ಪುಟದ ಎಚ್‌ಟಿಎಂಎಲ್ ಮುಟ್ಟಬೇಕಾಗಿಯೇ ಇಲ್ಲ.

ನನಗೆ ಜಾಸ್ತಿ ಇಷ್ಟವಾಗಿದ್ದು ಇದರ ಒಳಗಿನ ಕಟ್ಟು. ಪ್ರತಿ ಥೀಮ್‌ಗೆ ಎರಡೇ ಸ್ಯಾಸ್ ಫೈಲ್ (ಸ್ಯಾಸ್ ಅಂದರೆ ಸಿಎಸ್‌ಎಸ್ ತಯಾರಿಸುವ ಭಾಷೆ). ಒಂದರಲ್ಲಿ ಬಣ್ಣ, ಫಾಂಟು, ಅಂತರ ಇಂಥ ವೇರಿಯಬಲ್‌ಗಳು (ಹೆಸರು ಕೊಟ್ಟಿಟ್ಟ ಬೆಲೆಗಳು), ಇನ್ನೊಂದರಲ್ಲಿ ವೇರಿಯಬಲ್‌ನಿಂದ ಆಗದ ಚೂರುಪಾರು ಕೆಲಸ. ಸ್ಕೆಚಿ ಥೀಮ್‌ನಲ್ಲಿ ಡಬ್ಬಿಗಳ ಅಂಚು ಕೈಯಲ್ಲಿ ಗೀಚಿದ ಹಾಗೆ ಕಾಣುತ್ತದೆ, ಅದಕ್ಕೆ ಚಿತ್ರ ಏನೂ ಬಳಸಿಲ್ಲ, ನಾಲ್ಕು ಮೂಲೆಗೆ ಬೇರೆಬೇರೆ ಬಾರ್ಡರ್ ರೇಡಿಯಸ್ (ಮೂಲೆಯ ದುಂಡು) ಕೊಟ್ಟಿದ್ದಾರೆ ಅಷ್ಟೇ. ಥೀಮ್ ಮಾಡೋದು ಕಲಿಯಬೇಕು ಅನ್ನುವವರು ಈ ಫೈಲ್‌ಗಳನ್ನು ಸುಮ್ನೆ ಒಮ್ಮೆ ಓದಿದರೂ ಸಾಕು.

ಆದರೆ ಕಣ್ಣಿಗೆ ಹಿತವಾಗಿರುವ ಬಣ್ಣ ಓದೋಕೂ ಹಿತವಾಗಿರಬೇಕು ಅಲ್ವಾ? ಫ್ಲ್ಯಾಟ್ಲಿ ಥೀಮ್‌ನ ಹಸಿರು ಬಟನ್ ಮೇಲೆ ಬಿಳಿ ಅಕ್ಷರ ಇದೆ, ಅದರ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ) ಸುಮಾರು 2.4. ಸಾಧಾರಣ ಗಾತ್ರದ ಅಕ್ಷರಕ್ಕೆ ಎಲ್ಲರಿಗೂ ಓದಲಾಗುವ ಪುಟಗಳ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ ಎಎ ಮಟ್ಟ ಕೇಳುವುದು ಕನಿಷ್ಠ 4.5. ಬಿಸಿಲಲ್ಲಿ ಮೊಬೈಲ್ ಹಿಡಿದವರಿಗೆ, ದೃಷ್ಟಿ ಮಂದವಾದ ಹಿರಿಯರಿಗೆ ಇದು ನಿಜವಾದ ತೊಂದರೆ. ಬೂಟ್‌ಸ್ಟ್ರ್ಯಾಪ್ ಒಂದು ಕನಿಷ್ಠ ಕಾಂಟ್ರಾಸ್ಟ್ ಮಿತಿ ಇಟ್ಟುಕೊಂಡು, ತಾನೇ ಲೆಕ್ಕ ಹಾಕಿ ಅಕ್ಷರಕ್ಕೆ ಕಪ್ಪೋ ಬಿಳಿಯೋ ಆರಿಸುತ್ತದೆ, ಫ್ಲ್ಯಾಟ್ಲಿಯಲ್ಲಿ ಬಿಳಿಯೇ ಉಳಿಯಲಿ ಅಂತ ಆ ಮಿತಿಯನ್ನು 1.9ಕ್ಕೆ ಇಳಿಸಿದ್ದಾರೆ. ನಿಮ್ಮ ಸ್ಯಾಸ್ ಫೈಲ್‌ನಲ್ಲಿ ಆ ಮಿತಿಯ ವೇರಿಯಬಲ್ ಆದ ಮಿನ್-ಕಾಂಟ್ರಾಸ್ಟ್-ರೇಶಿಯೋವನ್ನು ಥೀಮ್ ಸೇರಿಸುವ ಮೊದಲೇ 4.5 ಅಂತ ಬರೆದುಬಿಡಿ, ಹಸಿರಿನ ಮೇಲೆ ಕಪ್ಪು ಅಕ್ಷರ ಬರುತ್ತದೆ. ಅಂದ ಚೂರು ಕಡಿಮೆ ಆಗುತ್ತದೆ, ಆಗಲಿ.

ಕನ್ನಡ ಸೈಟಿಗಾದರೆ ಇನ್ನೂ ಒಂದಿಷ್ಟು ಕೆಲಸ ಇದೆ. ಬೂಟ್‌ಸ್ಟ್ರ್ಯಾಪ್ ಶೀರ್ಷಿಕೆಗಳ ಲೈನ್ ಹೈಟ್ (ಸಾಲಿನ ಎತ್ತರ) ಅಕ್ಷರ ಗಾತ್ರದ 1.2 ಪಟ್ಟು, ಇಂಗ್ಲಿಷಿಗೆ ಸರಿ. "ರಾಷ್ಟ್ರೀಯ" ಅಂತ ಎರಡು ಸಾಲಿನ ಶೀರ್ಷಿಕೆಯಲ್ಲಿ ಬರೆದು ನೋಡಿ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುವಷ್ಟು ಹತ್ತಿರ ಬರುತ್ತದೆ. 1.5 ಮಾಡಿಕೊಳ್ಳಿ. ಲಕ್ಸ್ ಥೀಮ್ ಇಂಗ್ಲಿಷಿನಲ್ಲಿ ತುಂಬಾ ಗತ್ತಿನದು, ಶೀರ್ಷಿಕೆಯೆಲ್ಲ ದೊಡ್ಡಕ್ಷರ, ಅಕ್ಷರಗಳ ನಡುವೆ ಬಿಡಿಬಿಡಿ ಜಾಗ. ಕನ್ನಡದಲ್ಲಿ ದೊಡ್ಡಕ್ಷರ ಎಂಬುದೇ ಇಲ್ಲ, ಉಳಿಯುವುದು ಆ ಜಾಗ ಮಾತ್ರ, ಪದಗಳೆಲ್ಲ ಉದುರಿಹೋದ ಹಾಗೆ ಕಾಣುತ್ತವೆ. ಲೆಟರ್ ಸ್ಪೇಸಿಂಗ್ ಸೊನ್ನೆ ಮಾಡಲೇಬೇಕು.

ಫಾಂಟಿನದ್ದೂ ಹೀಗೇ. ಫ್ಲ್ಯಾಟ್ಲಿ ಗೂಗಲ್ ಫಾಂಟ್ಸ್‌ನಿಂದ ಲ್ಯಾಟೊ ತರಿಸುತ್ತದೆ, ಅದರಲ್ಲಿ ಕನ್ನಡ ಅಕ್ಷರವೇ ಇಲ್ಲ. ವೆಬ್-ಫಾಂಟ್-ಪಾತ್ ವೇರಿಯಬಲ್ಲಿಗೆ ಫಾಲ್ಸ್ ಕೊಟ್ಟು ಅದನ್ನು ನಿಲ್ಲಿಸಿ, ನೋಟೊ ಸ್ಯಾನ್ಸ್ ಕನ್ನಡವನ್ನೋ ಬಾಲೂ ತಮ್ಮ 2 ಎಂಬ ಕನ್ನಡ ಫಾಂಟನ್ನೋ ನಿಮ್ಮ ಸರ್ವರ್‌ನಿಂದಲೇ ಕೊಡಿ.

ಯಾವುದು ಆರಿಸಲಿ ಅಂದರೆ, ಕಾಸ್ಮೋ ಥೀಮ್‌ನಿಂದ ಶುರು ಮಾಡಿ. ಚೌಕ ಅಂಚು, ಅಬ್ಬರವಿಲ್ಲ, ತಿದ್ದೋಕೆ ಸುಲಭ. ಓಪನ್ ಸೋರ್ಸ್ ಥೀಮ್ ಮಾಡುವ ನಮ್ಮವರಲ್ಲಿ ಒಂದು ಕೋರಿಕೆ: ಮಾದರಿ ಪುಟದಲ್ಲಿ ಇಂಗ್ಲಿಷ್ ಜೊತೆ ಒತ್ತಕ್ಷರ ತುಂಬಿದ ಒಂದು ಕನ್ನಡ ಪ್ಯಾರಾ, ಒಂದು ಉದ್ದದ ಕನ್ನಡ ಬಟನ್ ಕೂಡ ಹಾಕಿ.