ದಪ್ಪ ಅಟ್ಟೆಯ ಓಟದ ಬೂಟು: ವಿಜಯಪುರದ ರಸ್ತೆಗಳಲ್ಲಿ ಒಂದೂವರೆ ವರ್ಷ

ಈ ಬೂಟಿನ ಬಗ್ಗೆ ಈವರೆಗೆ ಬಂದಿರುವ ವಿಮರ್ಶೆಗಳೆಲ್ಲ ಅದರ ಫೋಮಿನ ಗುಣಗಾನದಲ್ಲೇ ಮುಗಿಯುತ್ತವೆ. ಕಾಲಿಟ್ಟರೆ ಎಷ್ಟು ಮೆತ್ತಗಿದೆ, ಹಿಮ್ಮಡಿ ಎಷ್ಟು ಎತ್ತರ, ತೂಕ ಎಷ್ಟು ಗ್ರಾಂ ಎಂಬುದನ್ನೆಲ್ಲ ಕೊಳ್ಳುವ ಮುನ್ನವೇ ನೀವು ಓದಿಕೊಂಡಿರುತ್ತೀರಿ. ಒಂದೂವರೆ ವರ್ಷ ಬಳಸಿದ ಮೇಲೆ ನನಗೆ ಹೇಳಬೇಕೆನಿಸಿರುವುದು ಬೂಟನ್ನು ಮಗುಚಿ ಹಿಡಿದಾಗ ಕಾಣುವ ಭಾಗದ ಬಗ್ಗೆ. ಅಂಗಡಿಯಲ್ಲಿ ಅದನ್ನು ಯಾರೂ ತೋರಿಸುವುದಿಲ್ಲ, ಜಾಹೀರಾತಿನ ಚಿತ್ರದಲ್ಲೂ ಅದು ಇರುವುದಿಲ್ಲ.

ನಾನು ಐವತ್ತರ ಹತ್ತಿರದ, ಎಂಬತ್ತು ಕಿಲೋ ದಾಟಿದ, ದಿನವಿಡೀ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವ ಮನುಷ್ಯ. ಓಟದ ಬೂಟಿಗೆ ಒಂಬತ್ತು ಸಾವಿರ ರೂಪಾಯಿ ಕೊಡುವುದು ನಮ್ಮ ಮನೆಯಲ್ಲಿ ಚರ್ಚೆಯಾಗದೆ ನಡೆಯುವ ಸಂಗತಿಯಲ್ಲ. ಹಬ್ಬದ ರಿಯಾಯಿತಿ ಕಳೆದೂ ಅಷ್ಟು ಬೆಲೆ ಇತ್ತು. ಮಂಡಿ ನೋವಿನ ನೆಪ ಮುಂದಿಟ್ಟು ಒಪ್ಪಿಗೆ ಪಡೆದೆ. ಆ ಮಟ್ಟಿಗೆ ಬೂಟು ನನ್ನ ಮಾನ ಉಳಿಸಿತು ಎನ್ನಲೇಬೇಕು: ಹಳೆಯ ತೆಳು ಅಟ್ಟೆಯ ಬೂಟಿನಲ್ಲಿ ಓಡಿ ಬಂದ ದಿನ ಸಂಜೆ ಮೆಟ್ಟಿಲು ಇಳಿಯುವಾಗ ಕಟಕಟೆ ಹಿಡಿಯುತ್ತಿದ್ದವನು ಈಗ ಹಿಡಿಯುವುದಿಲ್ಲ. ಇದು ಬೂಟಿನದೇ ಗುಣವೋ, ಅದರ ಜೊತೆಗೇ ನಾನು ಕಲಿತ ನಿಧಾನದ ಓಟದ ಗುಣವೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ನಿಧಾನದ ಓಟ ಎಂದದ್ದಕ್ಕೆ ಕಾರಣವಿದೆ. ವಿಜಯಪುರ ಮೊದಲಿನಿಂದಲೂ ಸೈಕಲ್ ಪಟುಗಳ ಊರು. ಬೆಳಗಿನ ಜಾವ ರಸ್ತೆಯ ಅಂಚಿನಲ್ಲಿ ಬೆನ್ನು ಬಾಗಿಸಿ ಸಾಲಾಗಿ ಹೋಗುವ ಹುಡುಗ ಹುಡುಗಿಯರನ್ನು ನೋಡುತ್ತ ಬೆಳೆದವರು ನಾವು. ಓಟವೆಂದರೆ ಪೊಲೀಸ್ ಇಲ್ಲವೆ ಸೈನ್ಯದ ಭರ್ತಿಗೆ ತಯಾರಾಗುವವರ ಕೆಲಸ ಎಂಬ ಭಾವನೆಯಿತ್ತು. ಈಗ ಭಾನುವಾರ ಬೆಳಿಗ್ಗೆ ಗೋಳಗುಮ್ಮಟದ ಎದುರು ಸೇರುವ ಗುಂಪಿನಲ್ಲಿ ಬ್ಯಾಂಕಿನವರು, ಶಿಕ್ಷಕಿಯರು, ಔಷಧ ಅಂಗಡಿಯವರು, ನಿವೃತ್ತರು ಎಲ್ಲ ಇದ್ದಾರೆ. ಅವರಲ್ಲಿ ಯಾರಿಗೂ ಯಾರನ್ನೂ ಸೋಲಿಸುವ ಆತುರವಿಲ್ಲ. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟೇ ವೇಗದಲ್ಲಿ ಓಡಬೇಕೆಂಬ ಹೊಸ ಪಾಠವನ್ನು ನಮ್ಮ ಗುಂಪು ಬಹಳ ನಿಷ್ಠೆಯಿಂದ ಪಾಲಿಸುತ್ತದೆ. ಮಾತು ಮಾತ್ರ ಓಟಕ್ಕಿಂತ ಮುಂದೆ ಹೋಗುತ್ತದೆ, ಅಷ್ಟೆ. ಡಿಸೆಂಬರಿನಲ್ಲಿ ನಮ್ಮೂರಲ್ಲೇ ನಡೆಯುವ ವೃಕ್ಷೋಥಾನ್ ಹೆರಿಟೇಜ್ ರನ್ ಎಂಬ ಓಟ ಹತ್ತಿರ ಬಂದಾಗ ಗುಂಪು ದೊಡ್ಡದಾಗುತ್ತದೆ, ಹೊಸ ಬೂಟುಗಳೂ ಒಟ್ಟಿಗೇ ಬರುತ್ತವೆ. ಹಾಗೆ ಬಂದವುಗಳಲ್ಲಿ ತೆಳು ಅಟ್ಟೆಯ ಒಂದು ಜೋಡಿಯನ್ನೂ ಇತ್ತೀಚೆಗೆ ಕಂಡಿಲ್ಲ.

ಈ ದಪ್ಪದ ಹುಚ್ಚು ಹಳೆಯದಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದಿದ್ದರು. ಹದಿನೈದು ವರ್ಷದ ಹಿಂದೆ ಬೆರಳುಗಳಿಗೆ ಬೇರೆಬೇರೆ ಗೂಡಿರುವ, ಅಟ್ಟೆಯೇ ಇಲ್ಲವೆನ್ನುವಂಥ ಬೂಟುಗಳ ಕಾಲವೊಂದು ಬಂದು ಹೋಯಿತು. 2017ರಲ್ಲಿ ನೈಕಿ ಕಂಪನಿ ಕಾರ್ಬನ್ ಪಟ್ಟಿಯನ್ನು ದಪ್ಪ, ಹಗುರ ಫೋಮಿನೊಳಗೆ ಕೂರಿಸಿದ ವೇಪರ್‌ಫ್ಲೈ ಬೂಟನ್ನು ಮಾರುಕಟ್ಟೆಗೆ ತಂದ ಮೇಲೆ ಗಾಳಿ ತಿರುಗಿತು. 2019ರ ಅಕ್ಟೋಬರಿನಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮ್ಯಾರಥಾನ್ ದೂರ ಮುಗಿಸಿದಾಗ ಜಗತ್ತು ಅವರ ಕಾಲಿನಷ್ಟೇ ಕಾಲಡಿಯ ಫೋಮನ್ನೂ ನೋಡಿತು. ಮರುವರ್ಷ ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಬೂಟಿನ ಅಟ್ಟೆ 40 ಮಿಲಿಮೀಟರ್ ಮೀರಬಾರದೆಂದು ನಿಯಮ ಮಾಡಿತು. ಪದಕಕ್ಕಾಗಿ ಓಡುವವರಿಗೆ ಮಾಡಿದ ಆ ಫೋಮಿನ ತಂಗಿ ತಮ್ಮಂದಿರೇ ಈಗ ನಮ್ಮಂಥವರ ದಿನನಿತ್ಯದ ಬೂಟಿಗೆ ಬಂದಿವೆ. ಬರುವಾಗ ರೇಸಿನ ಒಂದು ಲೆಕ್ಕಾಚಾರವನ್ನೂ ಹೊತ್ತು ತಂದಿವೆ: ತೂಕ ಉಳಿಸಲು ರಬ್ಬರನ್ನು ಕಡಿಮೆ ಮಾಡುವುದು.

ನನ್ನ ತಕರಾರು ಇರುವುದು ಇಲ್ಲಿಯೇ. ಈ ಬೂಟಿನ ಅಡಿಯಲ್ಲಿ ಹಿಮ್ಮಡಿಯ ಹೊರ ಅಂಚಿಗೆ ಒಂದು ತುಂಡು, ಮುಂಗಾಲಿಗೆ ಒಂದಿಷ್ಟು ಪಟ್ಟಿ ಬಿಟ್ಟರೆ ರಬ್ಬರೇ ಇಲ್ಲ. ಉಳಿದದ್ದೆಲ್ಲ ಬೆತ್ತಲೆ ಫೋಮು. ನಡುವೆ ಉದ್ದಕ್ಕೆ ಹೆಬ್ಬೆರಳು ತೂರುವಷ್ಟು ಅಗಲದ ಒಂದು ಕಾಲುವೆ ಬಿಟ್ಟಿದ್ದಾರೆ. ಒಂದೇ ಸಮನಾದ ಡಾಂಬರಿನ ಮೇಲೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ನಮ್ಮ ಊರಿನಲ್ಲಿ ಡಾಂಬರು ರಸ್ತೆಯ ಅಂಚು ಎಲ್ಲಿ ಮುಗಿಯುತ್ತದೆ, ಗರಸು ಎಲ್ಲಿ ಶುರುವಾಗುತ್ತದೆ ಎಂಬುದು ಪ್ರತಿ ಮಳೆಗಾಲಕ್ಕೂ ಬದಲಾಗುತ್ತದೆ. ಲಾರಿ ಬಂದಾಗ ಓಡುವವನು ಗರಸಿಗೆ ಇಳಿಯಲೇಬೇಕು. ಇಳಿದ ಹತ್ತು ಹೆಜ್ಜೆಯೊಳಗೆ ಆ ಕಾಲುವೆಯಲ್ಲಿ ಒಂದು ಹರಳು ಸಿಕ್ಕಿಕೊಂಡು, ಮತ್ತೆ ಡಾಂಬರಿಗೆ ಹತ್ತಿದಾಗ ಹೆಜ್ಜೆಗೊಮ್ಮೆ ಟಕ್, ಟಕ್ ಎಂದು ಸದ್ದು ಮಾಡತೊಡಗುತ್ತದೆ. ನಿಂತು, ಒಂಟಿಗಾಲಲ್ಲಿ ಕಂಬ ಹಿಡಿದು, ಅದನ್ನು ಕಿತ್ತು ಮತ್ತೆ ಓಡುವ ಹೊತ್ತಿಗೆ ಗುಂಪು ಬಾರಾಕಮಾನ್ ದಾಟಿರುತ್ತದೆ.

ಹರಳು ಕೀಳಲು ನಾನು ಇಟ್ಟುಕೊಂಡಿರುವುದು ಹಳೆಯ ಸೈಕಲ್ ಚಕ್ರದ ಕಡ್ಡಿಯ ತುಂಡು. ಸೈಕಲ್ ರಿಪೇರಿಯವರು ಪುಕ್ಕಟೆ ಕೊಟ್ಟರು, ಒಂದು ತುದಿಯನ್ನು ಕೊಕ್ಕೆಯಂತೆ ಬಾಗಿಸಿಯೂ ಕೊಟ್ಟರು. ಓಟ ಮುಗಿಸಿ ಮನೆಗೆ ಬಂದ ಮೇಲೆ ಕಟ್ಟೆಯ ಮೇಲೆ ಕೂತು, ಬೂಟನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು, ಆ ಕೊಕ್ಕೆಯಿಂದ ಕಾಲುವೆಯನ್ನು ಹಿಮ್ಮಡಿಯಿಂದ ಮುಂಗಾಲಿನವರೆಗೆ ಒಮ್ಮೆ ಗೀರುತ್ತೇನೆ. ದೊಡ್ಡ ಹರಳು ಮೊದಲು ಹಾರುತ್ತವೆ; ಆಮೇಲೆ ಫೋಮಿನೊಳಗೆ ಅರ್ಧ ಹೂತ ಸಣ್ಣವನ್ನು ಉಗುರಿನಿಂದ ಒತ್ತಿ ಎಬ್ಬಿಸಬೇಕು. ಎದ್ದ ಜಾಗದಲ್ಲಿ ಸಣ್ಣ ಗುಳಿ ಉಳಿಯುತ್ತದೆ, ಮಾರನೆಯ ಸಲ ಇನ್ನೊಂದು ಹರಳು ಸರಿಯಾಗಿ ಅದೇ ಗುಳಿಗೆ ಬಂದು ಕೂರುತ್ತದೆ. ಈ ಕೆಲಸ ಬೇಸರದ್ದೇನಲ್ಲ, ಚಹಾ ಬರುವವರೆಗೆ ಕೈಗೊಂದು ಉದ್ಯೋಗ. ಆದರೂ ಒಂಬತ್ತು ಸಾವಿರ ಕೊಟ್ಟ ವಸ್ತು ಇಷ್ಟು ಸೇವೆ ಬೇಡಬಾರದು.

ಮಳೆಗಾಲದ ಮಾತು ಬೇರೆಯೇ. ಎರೆ ಮಣ್ಣಿನ ಗುಣ ಈ ಭಾಗದವರಿಗೆ ವಿವರಿಸಬೇಕಿಲ್ಲ: ಒದ್ದೆಯಾದರೆ ಉಬ್ಬುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಭೂತನಾಳ ಕೆರೆಯ ಕಡೆ ಹೊಲದ ದಾರಿಯಲ್ಲಿ ಒಂದು ಹದ ಮಳೆಯಾದ ಮರುದಿನ ಓಡಲು ಹೋದರೆ, ಆ ಕಾಲುವೆ ಮೊದಲು ತುಂಬುತ್ತದೆ, ಆಮೇಲೆ ಮಣ್ಣಿಗೆ ಮಣ್ಣೇ ಅಂಟಿಕೊಂಡು ಅಂಚಿನಿಂದ ಆಚೆಗೆ ಬೆಳೆಯುತ್ತದೆ. ಮೊದಲೇ ಎತ್ತರವಾದ ಬೂಟು ಇನ್ನೆರಡು ಬೆರಳು ಎತ್ತರವಾಗಿ ಪಾದ ಒಂದು ಕಡೆಗೆ ವಾಲತೊಡಗುತ್ತದೆ. ದಪ್ಪ ಮೆತ್ತನೆಯ ಅಟ್ಟೆಯ ಮೇಲೆ ಪಾದದ ಗಂಟು ಉಳುಕುವ ಭಯ ಇಂಥಲ್ಲಿ ನಿಜವಾದದ್ದು; ನನ್ನ ಓರಗೆಯವರೊಬ್ಬರು ಹಾಗೇ ಉಳುಕಿಸಿಕೊಂಡು ಮೂರು ವಾರ ಮನೆಯಲ್ಲಿ ಕೂತರು.

ಮುಳ್ಳಿನ ವಿಷಯದಲ್ಲಿ ಮಾತ್ರ ಈ ದಪ್ಪಕ್ಕೆ ನಾನು ಋಣಿ. ಬಳ್ಳಾರಿ ಜಾಲಿಯ ಮುಳ್ಳು ಹಳೆಯ ಬೂಟನ್ನು ಸೀಳಿಕೊಂಡು ಅಂಗಾಲಿಗೇ ಬರುತ್ತಿತ್ತು. ಇದರಲ್ಲಿ ಮುಳ್ಳು ಪೂರ್ತಿ ಒಳಗೆ ಹೋಗುತ್ತದೆ, ಆದರೆ ಪಾದ ಮುಟ್ಟುವುದಿಲ್ಲ. ಕಟ್ಟೆಯ ಮೇಲೆ ಕೂತು ನೋಡಿದಾಗ ಫೋಮಿನಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ, ಚಿಮಟದಿಂದ ಎಳೆದರೆ ಅರ್ಧ ಬೆರಳು ಉದ್ದದ್ದು ಹೊರಬರುತ್ತದೆ. ನೆಗ್ಗಿಲ ಮುಳ್ಳಂತೂ ಇದರ ಪಾಲಿಗೆ ಲೆಕ್ಕಕ್ಕೇ ಇಲ್ಲ.

ಇನ್ನು ಹಣದ ಲೆಕ್ಕ. ಓಟದ ಬೂಟಿಗೆ ಸಾಮಾನ್ಯವಾಗಿ ಹೇಳುವ ಆಯುಷ್ಯ 500ರಿಂದ 800 ಕಿಲೋಮೀಟರ್. ನಡುವಿನ 600 ಹಿಡಿದರೂ ಕಿಲೋಮೀಟರಿಗೆ ಹದಿನೈದು ರೂಪಾಯಿ ಬಿತ್ತು. ಅಷ್ಟೇ ದೂರ ಬೈಕಿನಲ್ಲಿ ಹೋದರೆ ಪೆಟ್ರೋಲಿಗೆ ಇದರ ಕಾಲುಭಾಗವೂ ಆಗುವುದಿಲ್ಲ. ಗುಂಪಿನ ಕಿರಿಯರು ಸ್ಟ್ರಾವಾ ಆ್ಯಪಿನಲ್ಲಿ ಪ್ರತಿ ಬೂಟಿನ ಕಿಲೋಮೀಟರನ್ನೂ ಲೆಕ್ಕ ಇಡುತ್ತಾರೆ, ನಿಧಾನಕ್ಕೊಂದು, ವೇಗಕ್ಕೊಂದು, ರೇಸಿಗೊಂದು ಎಂದು ಮೂರು ಜೋಡಿ ಸರದಿಯಲ್ಲಿ ಹಾಕುತ್ತಾರೆ. ಓಡಲು ಒಂದು ಜೋಡಿ ಬೂಟು ಸಾಕು, ಬೇರೇನೂ ಬೇಡ ಎಂಬ ಮಾತಿನಿಂದ ಈ ಹವ್ಯಾಸಕ್ಕೆ ಬಂದವನಿಗೆ ಇದು ಅಷ್ಟಾಗಿ ಒಗ್ಗುವುದಿಲ್ಲ. ಹಾಗೆ ನೋಡಿದರೆ ಈ ಬೂಟಿನ ಫೋಮು ಸತ್ತಿಲ್ಲ, ಮೇಲಿನ ಜಾಲರಿಯೂ ಎಲ್ಲೂ ಹರಿದಿಲ್ಲ. ಬೆತ್ತಲೆ ಭಾಗ ಮಾತ್ರ ಹಿಮ್ಮಡಿಯ ಒಳ ಅಂಚಿನಲ್ಲಿ ಸವೆದು ಇಳಿಜಾರಾಗಿತ್ತು. ಜೀವ ಇರುವ ಬೂಟನ್ನು ತಳ ಸವೆಯಿತೆಂದು ಎಸೆಯಬೇಕೆ ಎಂಬ ಸಿಟ್ಟಿನಲ್ಲಿ ಅದನ್ನು ಗಾಂಧಿ ಚೌಕದ ಹತ್ತಿರ ಚಪ್ಪಲಿ ಹೊಲಿಯುವವರ ಬಳಿ ಒಯ್ದೆ.

ಅವರು ಬೂಟನ್ನು ಒಮ್ಮೆ ಬಾಗಿಸಿ, ಹೆಬ್ಬೆರಳಿನಿಂದ ಫೋಮನ್ನು ಒತ್ತಿ ನೋಡಿ, "ತಳಾ ಅರ್ಧಾನ ಹಚ್ಚಿ ಬಿಟ್ಟಾರಲ್ರೀ ಸರ, ಪೂರಾ ಹಚ್ಚಾಕ ಏನಾಗಿತ್ತು ಅವರಿಗೆ?" ಎಂದರು. ವಿಮರ್ಶೆಯನ್ನು ಇದಕ್ಕಿಂತ ಚಿಕ್ಕದಾಗಿ ಬರೆಯಲು ನನಗೆ ಸಾಧ್ಯವಿಲ್ಲ. ಸವೆದ ಕಡೆ ಉಜ್ಜಿ ಸಮ ಮಾಡಿ, ಸೊಲ್ಯೂಷನ್ ಹಚ್ಚಿ ಒಣಗಲು ಬಿಟ್ಟು, ತೆಳುವಾದ ರಬ್ಬರ್ ಹಾಳೆಯನ್ನು ಬೆತ್ತಲೆ ಭಾಗಕ್ಕೆ ಕತ್ತರಿಸಿ ಕೂರಿಸಿದರು. ಕಾಲುವೆಯನ್ನೂ ಮೂರು ಕಡೆ ಅಡ್ಡಪಟ್ಟಿ ಹಾಕಿ ಮುಚ್ಚಿದರು. ನೂರೈವತ್ತು ರೂಪಾಯಿ ತೆಗೆದುಕೊಂಡರು. ತೂಕ ತುಸು ಹೆಚ್ಚಿತು, ಓಡುವಾಗ ಅದು ನನ್ನ ಗಮನಕ್ಕೆ ಬಂದದ್ದು ಮೊದಲ ದಿನ ಮಾತ್ರ. ಹರಳು ಸಿಕ್ಕುವುದು ಬಹುಮಟ್ಟಿಗೆ ನಿಂತಿದೆ. ಅಂಟು ಒಂದು ಮೂಲೆಯಲ್ಲಿ ಬಿಟ್ಟಾಗ ಮತ್ತೆ ಅವರೇ ಪುಕ್ಕಟೆ ಒತ್ತಿಕೊಟ್ಟರು.

ಬಿಸಿಲಿನ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಫೋಮು ಇನ್ನಷ್ಟು ಮೆತ್ತಗಾಗಿ ಹೆಜ್ಜೆ ಕುಸಿದಂತೆ ಅನಿಸುತ್ತದೆ, ಚಳಿಗಾಲದ ನಸುಕಿನಲ್ಲಿ ಅದೇ ಬೂಟು ಗಟ್ಟಿ. ತೊಳೆದ ಮೇಲೆ ಮಾಳಿಗೆಯ ಬಿಸಿಲಿಗೆ ಇಡಬೇಡಿ. ಶಾಖ ಅಂಟನ್ನೂ ಫೋಮನ್ನೂ ಬೇಗ ಮುದಿಯಾಗಿಸುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ಫ್ಯಾನಿನ ಕೆಳಗಿಟ್ಟರೆ ಸಾಕು.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ನೀವು ಬೆಂಗಳೂರಿನ ಉದ್ಯಾನದಲ್ಲೋ ಕ್ರೀಡಾಂಗಣದ ಟ್ರ್ಯಾಕಿನಲ್ಲೋ ಓಡುವವರಾದರೆ ಇನ್ನೊಂದು ಅಂಕ ಸೇರಿಸಿಕೊಳ್ಳಬಹುದು. ದೇಹ ಭಾರವಾಗಿದ್ದು, ಮಂಡಿ ಮಾತು ಕೇಳದಿದ್ದರೆ ದಪ್ಪ ಅಟ್ಟೆಯೇ ಒಳ್ಳೆಯದು. ಆದರೆ ಕೊಳ್ಳುವಾಗ ಬೂಟನ್ನು ಕಾಲಿಗೆ ಹಾಕುವ ಮೊದಲು ಮಗುಚಿ ನೋಡಿ, ರಬ್ಬರು ತುದಿಯಿಂದ ತುದಿಗೆ ಇದೆಯೇ, ನಡುವೆ ಕಾಲುವೆ ಇದೆಯೇ ಎಂದು ಬೆರಳಾಡಿಸಿ ಪರೀಕ್ಷಿಸಿ. ನನ್ನ ಮುಂದಿನ ಜೋಡಿಗೆ ಐದು ಸಾವಿರದ ಮಿತಿ ಹಾಕಿಕೊಂಡಿದ್ದೇನೆ. ಅಷ್ಟರಲ್ಲಿ ಪೂರ್ತಿ ರಬ್ಬರಿನ ದಪ್ಪ ಅಟ್ಟೆ ಒಂಬತ್ತನೇ ಅಳತೆಗೆ ಈವರೆಗೆ ಸಿಕ್ಕಿಲ್ಲ, ಸಿಗುವವರೆಗೆ ನೂರೈವತ್ತು ರೂಪಾಯಿಯ ತಳದಲ್ಲೇ ಓಡುತ್ತಿದ್ದೇನೆ.