ಹಳೆಕಾಲದ ತರಗತಿಗೆ ಕಲ್ಲಿನ ಸ್ಲೇಟೇ ಬೇಕು

ಮಕ್ಕಳಿಗೆ ಒಂದು ದಿನವಾದರೂ ಅಜ್ಜಿ-ತಾತನ ಕಾಲದ ಪಾಠ ಮಾಡಿಸಬೇಕು ಅನ್ನುವ ಶಾಲೆಗಳಿಗೆ ಅಂಗಡಿಯಲ್ಲಿ ಸಿಗುವ ಸ್ಲೇಟು ಮೂರು ಬಗೆ. ಪ್ಲಾಸ್ಟಿಕ್ಕಿನ ಮೇಲೆ ಬಳಪ ಜಾರುತ್ತದೆ, ಅಕ್ಷರ ಮಂಕು. ತಗಡಿನದು ಹಗುರ, ಬಿದ್ದರೂ ಒಡೆಯದು. ಆದರೆ ಬಣ್ಣ ಎದ್ದ ಕಡೆ ಬರಹ ಮೂಡದು, ಚೌಕಟ್ಟು ಬಿಟ್ಟರೆ ಅಂಚು ಕೈ ಕೊಯ್ಯುತ್ತದೆ. ಕಲ್ಲಿನದು ಭಾರ, ದುಬಾರಿ, ಆದರೂ ಅದನ್ನೇ ತನ್ನಿ. ಆಂಧ್ರದ ಮಾರ್ಕಾಪುರ ಈ ಕಲ್ಲಿಗೆ ಹೆಸರಾದ ಊರು.

ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಎಂದರೆ ಗಟ್ಟಿ. ಇದು ಪದರ ಪದರದ ಕಲ್ಲು, ಸದ್ದು ಬಡ್ಡಾಗಿ ಬಂದರೆ ಒಳಗೆ ಸೀಳು ಬಿಟ್ಟಿರುತ್ತದೆ. ಚೌಕಟ್ಟಿನ ನಾಲ್ಕು ಮೂಲೆಯನ್ನೂ ಅಲುಗಿಸಿ ನೋಡಿ.

ಹೊಸ ಕಲ್ಲು ತೀರಾ ನುಣುಪಾಗಿದ್ದರೆ ಬಳಪ ಹಿಡಿಯದು. 400 ನಂಬರಿನ ವಾಟರ್ ಪೇಪರ್ (ನೀರು ತಾಗಿಸಿ ಬಳಸುವ ಉಜ್ಜುಕಾಗದ) ಒದ್ದೆ ಮಾಡಿ ಉಜ್ಜಿ. ಒಣಗಿದ್ದಾಗ ಖಂಡಿತ ಬೇಡ. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಸ್ಲೇಟಿನ ಕಡ್ಡಿ ಕೊಯ್ಯುವ ಕಾರ್ಮಿಕರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ತುತ್ತಾದದ್ದು ಇಂಥ ಕಲ್ಲಿನ ದೂಳಿನಿಂದಲೇ. ಬಿಳಚಿದ ಹಳೆ ಸ್ಲೇಟಿಗೆ ತೊಂಡೆಸೊಪ್ಪು, ಇದ್ದಿಲು ಅರೆದು ಹಚ್ಚಿ ನೆರಳಲ್ಲಿ ಒಣಗಿಸಿದರೆ ಕಪ್ಪು ಮರಳುತ್ತದೆ.

ಬಳಪ ಮೆತ್ತನೆಯದಿರಲಿ. ಬೇಲೂರು, ಹಳೇಬೀಡಿನ ಗುಡಿಗಳನ್ನು ಕಡೆದದ್ದೂ ಬಳಪದ ಕಲ್ಲಿನಲ್ಲೇ; ಉಗುರಿಗೂ ಗೀರು ಬೀಳುವಷ್ಟು ಮೃದು. ಬೂದುಬಣ್ಣದ ಗಟ್ಟಿ ಕಡ್ಡಿ ಕಿರ್ರೆನ್ನುತ್ತದೆ, ಕಲ್ಲಿನ ಮೇಲೆ ಗೀರು ಉಳಿಸುತ್ತದೆ. ಮುರಿಯುವುದು ಖಚಿತ, ಹಾಗಾಗಿ 30 ಮಕ್ಕಳಿಗೆ 45 ತಂದಿಡಿ.

ಒರೆಸಲು ಹಿಂಡಿದ ಬಟ್ಟೆ ಸಾಕು. ಕರಾವಳಿ, ಮಲೆನಾಡಿನಲ್ಲಾದರೆ ಮಳೆಗಾಲದಲ್ಲಿ ನೀರುಕಡ್ಡಿ ಗಿಡದ ದಂಟು ಸಿಗುತ್ತದೆ, ಮಕ್ಕಳಿಗೆ ಅದೇ ದೊಡ್ಡ ಹಬ್ಬ. ನೀರು ಹೆಚ್ಚಾದರೆ ಚೌಕಟ್ಟಿನ ಮರ ಉಬ್ಬಿ ಮೂಲೆ ಬಿಡುತ್ತದೆ. ಒದ್ದೆಯಲ್ಲೇ ಬರೆದರೆ ಅಕ್ಷರ ಕಾಣದು. ಮಕ್ಕಳು ಬಳಪ ಒತ್ತಿ ಮುರಿಯುವುದು ಆಗಲೇ. ಆರುವವರೆಗೆ ಒಂದು ಮಗ್ಗಿ ಹೇಳಿಸಿ.

ಪಾಠ ಹೂಡುವಲ್ಲಿ ಹೆಚ್ಚಿನವರು ಎಡವುತ್ತಾರೆ. ಬೋರ್ಡಿನಿಂದ ನಕಲು ಮಾಡಿಸಿದರೆ ಸ್ಲೇಟಿಗೂ ನೋಟ್‌ಬುಕ್ಕಿಗೂ ವ್ಯತ್ಯಾಸವೇ ಇಲ್ಲ. ಉಕ್ತಲೇಖನ ಕೊಡಿ: ಐದು ಪದ, ಅದರಲ್ಲಿ ಎರಡಕ್ಕೆ ಒತ್ತಕ್ಷರ. ಸ್ಲೇಟು ಎತ್ತಿ ತೋರಿಸಲಿ, ಅಲ್ಲೇ ತಿದ್ದಿ, ಒರೆಸಿಬಿಡಲಿ. ಆಮೇಲೆ ಅದೇ ಐದು ಪದಗಳನ್ನು ನೆನಪಿನಿಂದ ಬರೆಸಿ. ಬರೆದದ್ದು ಉಳಿಯುವುದಿಲ್ಲ ಎಂದು ಗೊತ್ತಾದ ಮಗು ಎರಡನೇ ಸುತ್ತಿಗೆ ಕಿವಿಗೊಟ್ಟು ಕೂರುತ್ತದೆ.

ಮುಗಿದ ಮೇಲೆ ಸ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನಡುವೆ ಪೇಪರ್ ಇಟ್ಟು ನಿಲ್ಲಿಸಿ. ಬಳಪ ಎಣಿಸಿ ವಾಪಸ್ ಪಡೆಯಿರಿ. ತಿನ್ನುವ ಮಕ್ಕಳು ಈಗಲೂ ಇದ್ದಾರೆ.